ಸಹಾಯಕಿ

ಅಂಗನವಾಡಿಯ ಹಾಜರಿ ಪುಸ್ತಕದಲ್ಲಿ
ದೇಚಮ್ಮ ಟೀಚರದು ಉದ್ದ ರುಜು: ಕಾರ್ಯಕರ್ತೆ.
ಕೆಳಗೆ ನನ್ನದು, ಚೀರು. ಸಹಾಯಕಿ.
ಹತ್ತೊಂಬತ್ತು ವರ್ಷದಿಂದ ಅದೇ ಗೆರೆಯ ಮೇಲೆ.

ಹಾಗಾಗಿ, ಮೈಸೂರಿನ ಹರ್ಷಿಣಿ
ಕಿಟಕಿಯಾಚೆಯ ಹರಟೆಮಲ್ಲಗಳ ಕಾಲಿಗೆ
ಬಣ್ಣದ ಬಳೆ ತೊಡಿಸಿ
"ಇದು ತಾಯಿ, ಇದು ತಂದೆ,
ಮಿಕ್ಕ ನಾಲ್ಕು ಸಹಾಯಕರು" ಅಂದಾಗ
ಸಾರಿನ ಸೌಟು ಹಿಡಿದೇ ಹೊರಗೆ ಬಂದೆ.

ಪಾಲಿಬೆಟ್ಟದ ಈ ಲೈನ್‌ಮನೆಗಳ ಹಿಂದೆ
ಕಾಫಿಗೂ ಬೇಡದ, ಮೆಣಸಿಗೂ ಬೇಡದ
ಒಂದು ನಿಂಬೆಗಿಡ. ಮುಳ್ಳಿನೊಳಗೆ ಗೂಡು.
ಗೂಡಲ್ಲಿ ಮೈಲುತುತ್ತದ ನೀಲಿ ಮೊಟ್ಟೆ,
ಬಳ್ಳಿಗೆ ಹೊಡೆಯಲು ಡ್ರಮ್ಮಿನಲ್ಲಿ ಕಲಸುತ್ತಾರಲ್ಲ
ಅದೇ ನೀಲಿ.

ಒಂದಕ್ಕೆ ಎಡಗಾಲಲ್ಲಿ ಬೆರಳು ಕಮ್ಮಿ, ಕೆಂಪು ಬಳೆ.
ಮೂರು ವರ್ಷವಾಯಿತಂತೆ, ಸ್ವಂತ ಗೂಡಿಲ್ಲ.
ಮಿಡತೆ ಹಿಡಿಯುವುದರಲ್ಲಿ ಮಾತ್ರ
ತಾಯಿಯೂ ಅದರ ಹಿಂದೆ.
ಕಲ್ಲಿಗೆ ಬಡಿದು, ಕಾಲು ಮುರಿದು,
ಮೆತ್ತಗೆ ಮಾಡಿ ಕೊಡುತ್ತದೆ,
ನಾನು ಅನ್ನ ಹಿಸುಕುವ ಹಾಗೆ.

ಹೋದ ವರ್ಷ ಇಬ್ಬರು ಸಹಾಯಕರು, ಹಾರಿದ್ದು ಒಂದು ಮರಿ.
ಈ ವರ್ಷ ನಾಲ್ವರು, ಹಾರಿದ್ದು ಮೂರು.
"ನೋಡಿ ಅಕ್ಕ!" ಅಂದಳು ಹರ್ಷಿಣಿ, ಪೆನ್ನು ಕುಣಿಸುತ್ತ.
ಆಮೇಲೆ ಮೂರನೆಯದರ ಬಾಲ ಉದ್ದವಾಯಿತು.
ನೆತ್ತಿಯಲ್ಲಿ ಜುಟ್ಟು.
ಚಾತಕ!
ಟೀಚರ್ ಹೇಳುವ ಕತೆಯಲ್ಲಿ ಅದು
ಮಳೆಹನಿಗಷ್ಟೇ ಬಾಯ್ದೆರೆಯುವ ವ್ರತದ ಹಕ್ಕಿ.
ಇಲ್ಲಿ ನೋಡಿದರೆ ಬಾಯ್ದೆರೆದದ್ದು ನಮ್ಮ ಮಿಡತೆಗೆ.
ಹರ್ಷಿಣಿ ಮೂರನ್ನು ಹೊಡೆದು ಎರಡು ಮಾಡಿದಳು.
ಕೆಂಪು ಬಳೆ ಏನನ್ನೂ ತಿದ್ದಲಿಲ್ಲ,
ಜುಟ್ಟಿನದು ಅರಚಿದಲ್ಲಿಗೆಲ್ಲ ಹುಳು ಒಯ್ದಿತು
ಇಪ್ಪತ್ತು ದಿನ.

ನನ್ನ ಪುಸ್ತಕದಲ್ಲಿ ಹನ್ನೊಂದು ಹೆಸರು, ಹನ್ನೊಂದು ಮೊಟ್ಟೆ.
ಚಾಪೆಯ ಮೇಲೆ ಹದಿನೇಳು ಬಾಯಿ.
ಅಸ್ಸಾಮಿನಿಂದ ತೋಟಕ್ಕೆ ಬಂದವರ ಮಕ್ಕಳು
ಯಾವ ಕಾಲಮ್ಮಿನಲ್ಲೂ ಕೂರುವುದಿಲ್ಲ.
ದಾರದಲ್ಲಿ ಕೊಯ್ಯುತ್ತೇನೆ ಮೊಟ್ಟೆ,
ಚಾಕುವಿಗಿಂತ ಸಮ ಬೀಳುತ್ತದೆ.
ಟೀಚರ್ ಆ ಹೊತ್ತಿಗೆ ಸರಿಯಾಗಿ ಫೋನ್ ನೋಡುತ್ತಾರೆ.
ಒಳ್ಳೆಯ ಹೆಂಗಸು.

"ಯಾಕೆ ಮಾಡ್ತವೆ ಅಕ್ಕ, ನಿಮಗೇನನ್ನಿಸುತ್ತೆ?"
ಹೊರಡುವ ದಿನ ಕೇಳಿದಳು.
ಅವಳ ಬಳಿ ಆಗಲೇ ಉತ್ತರಗಳಿದ್ದವು:
ರಕ್ತಸಂಬಂಧ; ಮುಂದಕ್ಕೆ ಅಭ್ಯಾಸ;
ಜಾಗ ಖಾಲಿಯಾದೀತೆಂಬ ಕಾಯುವಿಕೆ.
ಇರಬಹುದು. ಟೀಚರ್ ರಿಟೈರಾದರೆ ಎಂಬ ಆಸೆ
ನನಗೂ ಐದಾರು ವರ್ಷ ಇತ್ತು.

ಉತ್ತರ ಹೇಳಲಿಲ್ಲ. ಕತ್ತಲಾಗುತ್ತಿತ್ತು,
ಹಲಸಿನ ಕೊಂಬೆಯಲ್ಲಿ ಎಲ್ಲವೂ ಸಾಲಾಗಿ
ಒತ್ತಿಕೊಂಡು ಕೂತಿದ್ದವು.
ಜೂನಿನ ಗಾಳಿ ತುದಿಯವಕ್ಕೇ ಜಾಸ್ತಿ.
ತುದಿಯಲ್ಲಿದ್ದ ಕೆಂಪು ಬಳೆ ಎದ್ದು
ಬೆನ್ನುಗಳ ಮೇಲೇ ನಡೆದು ನಡುವೆ ತೂರಿತು.
ಗೊಣಗು, ಬೈಗುಳ, ಒಂದಿಷ್ಟು ಸರಿದಾಟ.
ಈಗ ತುದಿಯಲ್ಲಿ ಇನ್ನೊಂದು.
ಕೊಂಚ ಹೊತ್ತಿಗೆ
ಅದೂ ಎದ್ದಿತು.