ಏಳು ಸೆಕೆಂಡು

ಪಾಯ್ಸಾಂದೂ ಊರಲ್ಲಿ, ನದಿಗಿಳಿಯುವ ಓಣಿಯಲ್ಲಿ,
ದಾರ್ದೋನ ಸೈಕಲ್ ಅಂಗಡಿ ಭಾನುವಾರ ಮುಚ್ಚಿರುತ್ತದೆ.
ಅಂದರೆ ಷಟರು ಅರ್ಧ ಇಳಿದಿರುತ್ತದೆ,
ಬಗ್ಗಿ ಒಳಗೆ ಬರುವವರೆಲ್ಲ ನಮ್ಮವರೇ.

ಟಯರಿನ ರಾಶಿಯ ಮೇಲೆ ಟಿ.ವಿ.
ಸೋರೆಬುರುಡೆಯ ಕಹಿ ಚಹಾ ಕೈಯಿಂದ ಕೈಗೆ ಹೋಗುತ್ತದೆ,
ವಾದ ಮಾಡುವವರ ಕೈಯಲ್ಲಿ ಸಿಕ್ಕಿ ತಣ್ಣಗಾಗುತ್ತದೆ.
ರಾಜಧಾನಿಯ ತಂಡ ಒಂದು ಗೋಲು ಮುಂದಿದೆ.
ಅದರ ಕೋಚ್ ಹೆಬರ್ ಇದೇ ಓಣಿಯವನು;
ಹನ್ನೆರಡರ ವಯಸ್ಸಿಗೆ ಒಯ್ದ ಬೆಲ್ಲಿನ ದುಡ್ಡು
ಇನ್ನೂ ಬಾಕಿ ಅನ್ನುತ್ತಾನೆ ದಾರ್ದೋ.
ಹಾಗಾಗಿ ಅವನನ್ನು ಬೈಯುವ ಹಕ್ಕು
ನಮಗೆಲ್ಲ ಸಮಪಾಲು.

ಎಪ್ಪತ್ತೊಂದನೇ ನಿಮಿಷ. ಫಲಕ ಮೇಲೆದ್ದಿತು:
ಕೆಂಪಿನಲ್ಲಿ ಎಂಟು, ಹಸಿರಿನಲ್ಲಿ ನಾಲ್ಕು.
"ಎಂಟನ್ನಾ?"
ಮೂವತ್ತು ವರ್ಷ ಶಾಲೆಯ ಬಸ್ಸು ಓಡಿಸಿದ ವಾಲ್ಕಿರಿಯಾ
ಎದ್ದೇ ನಿಂತಳು:
"ಏರು ಇನ್ನೂ ಮುಗಿದಿಲ್ಲ, ಆಗಲೇ ನ್ಯೂಟ್ರಲ್ಲಿಗೆ ಹಾಕಿದ!
ಇವನ ಎದೆಯಲ್ಲಿ ಇರುವುದು ಪುಕ್ಕಲು ಕೋಳಿ."
"ಗಂಟು ಕಟ್ಟಿದ ಮೇಲೆ ಮತ್ತೆ ಸಂತೆ ಸುತ್ತುತ್ತಾರೇನು?
ಕಾಯಬೇಕು," ಅಂದ ದಾರ್ದೋ.

ಟಿ.ವಿ.ಯಲ್ಲಿ ಒಬ್ಬ ಹಳೆಯ ಸೆಂಟರ್ ಫಾರ್ವರ್ಡ್,
ಈಗ ಕೊರಳಿಗೆ ಬಿಗಿ ಟೈ, ಬೆರಳಲ್ಲಿ ಹಳದಿ ಬಾಣ.
ಪರದೆಯ ಮೇಲೆ ಗೀಚಿ ಗೀಚಿ ತೋರಿಸಿದ:
"ನೋಡಿ, ಇದು ಭಯ. ಬೇರೆ ಹೆಸರಿಲ್ಲ."
"ನಿನ್ನಜ್ಜಿ!" ಅಂದಳು ವಾಲ್ಕಿರಿಯಾ,
"ಆ ಹುಡುಗನ ಬಗ್ಗೆ ನಿನಗೇನು ಗೊತ್ತು?
ದಾರ್ದೋ, ಅವನ ಬಾಯಿ ಮುಚ್ಚಿಸು."
ಸದ್ದು ನಿಂತಿತು. ಬಾಣಗಳು ಮಾತ್ರ
ಹುಲ್ಲಿನ ಮೇಲೆ ಮೂಗರ ಹಾಗೆ ಓಡಾಡಿದವು.

ಮೂಲೆಯಲ್ಲಿ ನೆಲ್ಸನ್.
ಒಂದು ಕಾಲಕ್ಕೆ ಜಿಲ್ಲಾ ಲೀಗಿನ ಲೈನ್ಸ್‌ಮನ್, ಈಗ ಕಣ್ಣಿಲ್ಲ.
(ಇದ್ದಾಗಲೂ ಆಫ್‌ಸೈಡ್ ಕಾಣುತ್ತಿರಲಿಲ್ಲ ಅನ್ನುತ್ತದೆ ಊರು.)
ಅಂಗಿ ಜೇಬಲ್ಲಿ ರೇಡಿಯೋ, ಎಡಗಿವಿಗೆ ವೈರು.
ನಮ್ಮ ಟಿ.ವಿ. ಉಪಗ್ರಹ ಸುತ್ತಿಕೊಂಡು ಬರುವಷ್ಟರಲ್ಲಿ
ಅವನ ರೇಡಿಯೋ ಏಳು ಸೆಕೆಂಡು ಮುಂದಿರುತ್ತದೆ.
ಮೊದಲೇ ಹೇಳಿಬಿಡಬಾರದು ಅಂತ
ಎಲ್ಲರೂ ಆಣೆ ಹಾಕಿಸಿಕೊಂಡಿದ್ದೇವೆ.

ಆಗ ಷಟರಿನಡಿ ಮೊದಲು ಒಂದು ಕೈಗಾಡಿ ಬಂತು,
ಅದರ ಹಿಂದೆ ಬೆನ್ನು ಹಿಡಿದುಕೊಂಡು ದೋನ್ಯಾ ಇರ್ಮಾ:
"ಚಕ್ರ ಕಿರುಗುಡುತ್ತದೆ, ಸ್ವಲ್ಪ ಎಣ್ಣೆ..."
ಪ್ರತಿ ಪಂದ್ಯದ ದಿನ ಆ ಚಕ್ರ ಕಿರುಗುಡುತ್ತದೆ.
ಹೆಬರನ ತಾಯಿ. ಒಬ್ಬಳೇ ಕೂತು ನೋಡಲಾರಳು.

ಅಂಗಡಿ ಥಟ್ಟನೆ ಒಳ್ಳೆಯ ಮಾತು ಹುಡುಕತೊಡಗಿತು.
"ಚೆನ್ನಾಗಿ ಆಡುತ್ತಿದ್ದಾರೆ," ಅಂದ ಯಾರೋ.
"ಗಾಳಿಯೂ ಇದೆ," ಅಂದ ಇನ್ನೊಬ್ಬ.
ನಾನು ಗುಂಗುರು ತಲೆ ಬಗ್ಗಿಸಿ
ನೀರ ತೊಟ್ಟಿಯಲ್ಲಿ ಟ್ಯೂಬು ತಿರುಗಿಸುತ್ತಿದ್ದೆ,
ತೂತು ಎಲ್ಲಿ ಗುಳ್ಳೆ ಬಿಡುತ್ತದೆ ಅಂತ.

ಅವಳು ಸ್ಟೂಲಿನ ಮೇಲೆ ಕೂತು ಹೇಳಿದಳು, ಯಾರಿಗೂ ಅಲ್ಲ:
"ಚಿಕ್ಕಂದಿನಿಂದಲೂ ಹೀಗೇ ಇವನು.
ತಟ್ಟೆಯಲ್ಲಿ ಅರ್ಧ ಮಾಂಸ ನಾಳೆಗೆ ಅಂತ ಎತ್ತಿಡುತ್ತಿದ್ದ.
ರಾತ್ರಿ ನಾಯಿ ತಿಂದು ಹೋಗುತ್ತಿತ್ತು."

ನಗಬೇಕೋ ಬೇಡವೋ ತಿಳಿಯದೆ ನಾನು ತಲೆಯೆತ್ತಿದೆ.
ಅವಳು ಪರದೆ ನೋಡುತ್ತಿರಲಿಲ್ಲ.
ನೆಲ್ಸನ್‌ನ ಮುಖ ನೋಡುತ್ತಿದ್ದಳು.

ಮತ್ತು ಆ ಮುಖಕ್ಕೆ ಸುದ್ದಿ ಬಂದಿತ್ತು.
ಹುಬ್ಬು ಕದಲಿಸಲಿಲ್ಲ ಅವನು. ತುಟಿ ಬಿಗಿ ಹಿಡಿದ.
ಮೆಲ್ಲಗೆ ಬೆರಳಿಂದ ವೈರು ಕಿತ್ತು ಜೇಬಿಗೆ ಸೇರಿಸಿದ,
ಏನೂ ಆಗದವನ ಹಾಗೆ ಗೋಡೆಯ ಕಡೆ ನಕ್ಕ.
ಕಾಣದವರು ಮುಖ ಮುಚ್ಚಿಡುವುದನ್ನು ಎಲ್ಲಿ ಕಲಿಯಬೇಕು?

ಟಿ.ವಿ.ಯಲ್ಲಿ ನಾವಿನ್ನೂ ಗೆಲ್ಲುತ್ತಿದ್ದೆವು.
ಚೆಂಡು ಇನ್ನೂ ಎಡಮೂಲೆಯಲ್ಲಿತ್ತು,
ನಾಲ್ಕು ಇನ್ನೂ ಜಾರಿ ಬಿದ್ದಿರಲಿಲ್ಲ.
ಇರ್ಮಾ ಮಾತ್ರ ಆಗಲೇ ಎರಡೂ ಕೈ ಮಡಿಲಲ್ಲಿಟ್ಟು ಕಾಯುತ್ತಿದ್ದಳು.

ಆಮೇಲೆ ನಮಗೂ ಗೋಲಾಯಿತು.

"ಅದೃಷ್ಟ, ಬರೀ ಅದೃಷ್ಟ," ಅಂದಳು ವಾಲ್ಕಿರಿಯಾ,
"ಬದಲಾವಣೆ ಸರಿಯಾಗೇ ಇತ್ತು."
"ಸುಳ್ಳು ಬೊಗಳಬೇಡ," ಅಂದಳು ಇರ್ಮಾ,
ಬುರುಡೆಗೆ ಕೈ ಚಾಚಿ,
"ಎಂಟನ್ನು ತೆಗೆಯಬಾರದಿತ್ತು. ಕತ್ತೆ."
"ಇಲ್ಲ ದೋನ್ಯಾ, ಅವನ ಮಂಡಿ..."
"ಮಂಡಿ ಅಂತೆ! ಹುಡುಗ ಜಿಂಕೆ ಹಾಗೆ ಓಡುತ್ತಿದ್ದ!"
ಮತ್ತೆ ಶುರುವಾಯಿತು, ಈ ಸಲ ಬಣ ಅದಲುಬದಲು,
ದಾರ್ದೋನೂ ಗಂಟಿನ ಮಾತು ಬಿಟ್ಟಿದ್ದ.

ಆ ಗದ್ದಲದಲ್ಲಿ ನೆಲ್ಸನ್ ನನ್ನ ತೋಳು ಹುಡುಕಿ ಹಿಡಿದ:
"ನಾನು ಬಾಯಿ ಬಿಡಲಿಲ್ಲ ತಾನೇ?"
"ಇಲ್ಲ ಮಾವ," ಅಂದೆ,
"ಒಂದಕ್ಷರವೂ ಇಲ್ಲ."