ಒಂದು ಕೈ ಜೇಬಿನಲ್ಲಿ

ಮೊದಲ ಪಾಠ ಇದು: ಕರೆಂಟು ಇದ್ದಾಗ
ಒಂದು ಕೈ ಜೇಬಿನಲ್ಲಿರಲಿ.
ಎರಡೂ ಕೈ ಒಳಗಿಟ್ಟರೆ
ಮುನ್ನೂರೈವತ್ತು ವೋಲ್ಟಿಗೆ ನಿನ್ನ ಎದೆಯೇ ಕಾಲುದಾರಿ.
ಹೇಳಿಕೊಟ್ಟವನು ಗಣಿಯ ಲಿಫ್ಟು ರಿಪೇರಿಯ ಹಾವೆಲ್ಕಾ.
ಅವನ ಎಡಗೈಯ ಉಂಗುರಬೆರಳು ಅರ್ಧವೇ ಇತ್ತು.
ಕೇಳಿದರೆ, ಅದು ಕರೆಂಟಿನ ಕಥೆಯಲ್ಲ,
ಬಾತುಕೋಳಿಯ ಕಥೆ, ಅನ್ನುತ್ತಿದ್ದ.

ಓಸ್ತ್ರಾವಾದ ಗುಜರಿ ಸಂತೆ ನೆರೆಯುವುದು ಕತ್ತಲಿರುವಾಗಲೇ.
ಟಾರ್ಚು ಕಚ್ಚಿಕೊಂಡು ಬಗ್ಗುತ್ತೇವೆ
ಸಿನಿಮಾ ಪ್ರೊಜೆಕ್ಟರಿನ ಹೊಟ್ಟೆಯೊಳಗೆ,
ಯಾರದೋ ಅತ್ತೆಯ ರೇಡಿಯೋದ ಬೆನ್ನಿನೊಳಗೆ.
ಬೂದು ಬಣ್ಣದ ಈ ಪೆಟ್ಟಿಗೆಗೆ
ಇನ್ನೂರು ಕ್ರೌನು ಅಂದಳು ಮುದುಕಿ.
ಮುಂದೆ ಹತ್ತು ತೂತು, ತೂತಿಗೊಂದು ತಿರುಗುಗುಂಡಿ,
ಗುಂಡಿಯ ಮೇಲೆ ಕೈಬರಹದ ಅಂಕಿ.
ಏನಿದು?
ಭಾರ ಇದೆ ನೋಡು, ಅಂದಳು. ಅಷ್ಟೇ ಗೊತ್ತು ಅವಳಿಗೆ.

ಗ್ಯಾರೇಜಿನಲ್ಲಿ ಬಿಚ್ಚಿದೆ.
ಡಾಂಬರಿನ ವಾಸನೆ, ಒಂದು ಒಣಗಿದ ಜೇಡ,
ಮೂಲೆಯಲ್ಲಿ ಒಂದು ಹಾಲುಹಲ್ಲು.
ಬೇರಿಲ್ಲದ್ದು, ಗೋಧಿಕಾಳಿನಷ್ಟು.
ತೂತಿನೊಳಗಿಂದ ಯಾವುದೋ ಮಗು ತಳ್ಳಿರಬೇಕು.
ಬಿಸಾಡಲು ಕೈ ಬರಲಿಲ್ಲ. ಜೇಬಿಗೆ ಹಾಕಿಕೊಂಡೆ.

ಮೂರು ವಾರ.
ಸೋರುವ ಕೆಪಾಸಿಟರುಗಳನ್ನು ಒಂದೊಂದಾಗಿ ಕಿತ್ತೆ.
ಪ್ಲಗ್ಗು ತೆಗೆದ ಮರುದಿನವೂ ಕಚ್ಚಲು ಕಾದಿರುತ್ತವೆ ಇವು,
ಹಳೇ ಪಕ್ಷದ ಸದಸ್ಯರ ಹಾಗೆ.
ಟ್ರಾನ್ಸ್‌ಫಾರ್ಮರು ಮಾತ್ರ ಗಟ್ಟಿ ಜೀವ,
ಬಟ್ಟೆ ಸುತ್ತಿದ ಅದರ ಸುರುಳಿಯನ್ನು ಯಾವಳೋ
ಮನಸ್ಸಿಟ್ಟು ಸುತ್ತಿದ್ದಳು, ಒಂದೆಳೆ ಮೇಲೇರಿರಲಿಲ್ಲ.
ಹೀಟರಿನ ತಂತಿಗಳನ್ನು ಬಿಗಿಯಾಗಿ ಜಡೆ ಹೆಣೆದೆ,
ಆದರೂ ಗುಂಯ್‌ ಅನ್ನುತ್ತಿತ್ತು.
ಬೆಸುಗೆ ಕರಗಿಸಿ, ಭೂಮಿಯ ತಂತಿಯನ್ನು
ಒಂದು ಬೆರಳು ಆಚೆ ಸರಿಸಿದೆ.
ಸುಮ್ಮನಾಯಿತು,
ಅತ್ತೂ ಅತ್ತೂ ನಿದ್ದೆಹೋದ ಕೂಸಿನಂತೆ, ಒಮ್ಮೆಲೇ.
ಅಂಕಿಗಳನ್ನು ಮುಟ್ಟಲಿಲ್ಲ. ಹತ್ತೂ ತೂತು ಹಾಗೇ ಉಳಿದವು.
ಗಿಟಾರಿಗೆ ಬೇಕಾದದ್ದು ಒಂದೇ.

ಮಾಡಲು ಹೇಳಿದ್ದವಳು ರಾದ್ಕಾ.
ಶುಭ್ರವಾದ ದನಿ ಬೇಡ ನನಗೆ, ಅಂದಿದ್ದಳು,
ಜೋರು ಮಾಡಿದರೆ ಹರಿಯಬೇಕು,
ಒದ್ದೆ ಗೋಣಿಯಂತಲ್ಲ, ಹೊಸ ಬಟ್ಟೆಯಂತೆ.
ವ್ಯಾನು ಓಡಿಸಿಕೊಂಡು ಬಂದವನು ಅವಳ ಅಜ್ಜ ವೆಂಡೆಲೀನ್.
ಹುಟ್ಟುಕಿವುಡ. ಹೊರಗೇ ನಿಂತು ಸೇದುತ್ತಿದ್ದ.
ಚಳಿಗೆ ಒಳಗೆ ಬಂದವನು
ಪೆಟ್ಟಿಗೆಯ ಮುಂದೆ ನಿಂತೇಬಿಟ್ಟ.
ಏಳನೇ ತೂತಿನ ಮೇಲೆ ಬೆರಳಿಟ್ಟ,
ಆಮೇಲೆ ಅದೇ ಬೆರಳನ್ನು ತನ್ನ ಎದೆಯ ಮೇಲೆ.

ನನ್ನ ರಸೀದಿಯ ಹಿಂದೆ ಪೆನ್ಸಿಲಿನಲ್ಲಿ ಬರೆದ:
*ನಮ್ಮ ಶಾಲೆಯದು.*
*ಕಿವಿಗೆ ಸಿಕ್ಕಿಸಿಕೊಂಡು ಕೂರಬೇಕಿತ್ತು. ಟೀಚರು ಮೈಕಿನಲ್ಲಿ*
*ಮಾ ಮಾ ಮಾ ಅನ್ನುತ್ತಿದ್ದರು. ತುಟಿ ಕಾಣುತ್ತಿತ್ತು.*
*ಕೇಳಿಸಿದವರು ಕೈ ಎತ್ತಿ.*
*ಎತ್ತುತ್ತಿದ್ದೆವು. ಎತ್ತಿದವರಿಗೆ ಪೆಟ್ಟಿಗೆಯ ಪಕ್ಕದ ಜಾಗ.*
*ಜನವರಿಯಲ್ಲಿ ಆ ಕೋಣೆಯಲ್ಲಿ ಬೆಚ್ಚಗಿದ್ದದ್ದು ಇದೊಂದೇ.*

ಸ್ವಿಚ್ಚು ಒತ್ತಿದೆ.
ಊರಿನ ದೊಡ್ಡ ಕುಲುಮೆಗಳು ಆರಿ ಎಷ್ಟೋ ಕಾಲವಾಯಿತು.
ಗಾಜಿನೊಳಗೆ ಹೆಬ್ಬೆರಳಿನಷ್ಟು ನಾಲ್ಕು
ನಿಧಾನ ಕೆಂಪಾದವು.
ರಾದ್ಕಾ ಕೆಳಗಿನ ದಪ್ಪ ತಂತಿಯನ್ನೇ ಮೀಟಿದಳು, ಬಿಡದೆ.
ಗ್ಯಾರೇಜಿನ ತಗಡಿನ ಬಾಗಿಲು ನಡುಗಿತು,
ಡಬ್ಬಿಯ ಮೊಳೆಗಳು ನಡುಗಿದವು.
ಅಜ್ಜ ಎರಡೂ ಅಂಗೈ ಪೆಟ್ಟಿಗೆಯ ಮೇಲಿಟ್ಟು
ಮೊಮ್ಮಗಳ ಕಡೆ ನೋಡಿ ಗದ್ದ ಎತ್ತಿದ:
ಇನ್ನೂ.

ನನ್ನ ಎಡಗೈ, ಅಭ್ಯಾಸಬಲ, ಜೇಬಿನಲ್ಲೇ ಇತ್ತು.
ತೆಗೆದು, ಬಿಚ್ಚಿ, ತೋರಿಸಿದೆ.
ಹಲ್ಲನ್ನು ಬಹಳ ಹೊತ್ತು ನೋಡಿದ.
ತಲೆಯಾಡಿಸಿದ, ತನ್ನದಲ್ಲ.
ನಾಲ್ಕನೇ ತೂತು ತೋರಿಸಿದ. ಬರೆದ:
*ಇರ್ಮಾಳದ್ದು.*
*ಅವಳೊಬ್ಬಳಿಗೆ ಸ್ವಲ್ಪ ಕೇಳಿಸುತ್ತಿತ್ತು.*

ಪೆನ್ಸಿಲು ನಿಲ್ಲಿಸಿ, ಮತ್ತೆ:
*ಅವಳು ಕೈ ಎತ್ತುತ್ತಿರಲಿಲ್ಲ.*