ಎಂಟು ತೂತಿನ ಗೋಡೆ

ಇಪ್ಪತ್ತಾರು ವರ್ಷ ವಾಲ್ಪರೈಸೊ ಬಂದರಿನಲ್ಲಿ
ಕ್ರೇನು ನಡೆಸಿದವಳು ನಾನು.
ಹಡಗಿನ ಹೊಟ್ಟೆಯಿಂದ ಹೊರೆ ಎತ್ತುವಾಗ
ಹೊರೆಯನ್ನಲ್ಲ, ಹಗ್ಗ ನೋಡು
ಎಂದು ಕಲಿಸಿದ್ದರು.
ಮನುಷ್ಯರಲ್ಲಿ ಹಗ್ಗ ಎಲ್ಲಿರುತ್ತದೆಂದು
ಯಾರೂ ಹೇಳಿರಲಿಲ್ಲ.

ನಿವೃತ್ತಿಯ ಹಣದಲ್ಲಿ ಮುಕ್ಕಾಲು ಸೂರಿಗೆ ಹೋಯಿತು,
ಉಳಿದದ್ದು ಹಿತ್ತಲಿಗೆ.
ಹಿತ್ತಲೆಂದರೆ ಗುಡ್ಡದ ಓರೆ ಕೆನ್ನೆ,
ಚೆಂಡು ಬಿಟ್ಟರೆ ಸೀದಾ ಸಮುದ್ರಕ್ಕೆ.
ಕಳೆದ ಜೂನಿನ ಮಳೆಯಲ್ಲಿ
ಬಟ್ಟೆ ಒಣಹಾಕುವ ಕಂಬ ಜಾರಿಹೋಗಿ
ಕೆಳಮನೆಯ ಓತಿಲಿಯಾಳ ಅಡುಗೆಮನೆ ಬಾಗಿಲು ತಟ್ಟಿತ್ತು,
ನನ್ನ ಎರಡು ಒಳಲಂಗಗಳ ಸಮೇತ.

ಮೊದಲು ಬಂದವನು ಬಿಳಿ ಪ್ಯಾಂಟಿನವನು.
ನೂರಾ ನಲವತ್ತು ಮೆಟ್ಟಿಲು ಹತ್ತಿದರೂ ಒಂದು ಕಲೆಯಿಲ್ಲ.
ಟ್ಯಾಬ್ಲೆಟ್ಟಿನಲ್ಲಿ ನನ್ನದೇ ಹಿತ್ತಲು ತೋರಿಸಿದ:
ಹುಲ್ಲುಹಾಸು, ಕಾರಂಜಿ, ತಾಳೆಯ ಸಾಲು,
ಬೆತ್ತದ ಕುರ್ಚಿಯಲ್ಲಿ
ನನಗಿಂತ ಮೂವತ್ತು ವರ್ಷ ಚಿಕ್ಕ ಹೆಂಗಸು.
ನೀರು ಎಲ್ಲಿಗೆ ಹೋಗುತ್ತೆ? ಅಂದೆ.
ಯಾವ ನೀರು? ಅಂದ.
ಬೆಣ್ಣೆಯಂಥ ಮಾತು. ನೂರಕ್ಕೆ ಅರವತ್ತು ಮುಂಗಡ.

ಇನ್ನೊಬ್ಬ ಅತ್ತಿಗೆಯ ಕಡೆಯ ನೆಂಟ.
ಅರ್ಧ ಬೆಲೆಗೆ ಇಡೀ ಗುಡ್ಡಕ್ಕೆ ಕಾಂಕ್ರೀಟು ಬಳಿದು
ಮೇಲೆ ಹಸಿರು ಬಣ್ಣ ಹೊಡೆಯುತ್ತೇನೆ ಅಂದ.
ನೆಂಟಸ್ತನ ಉಳಿಯಲಿ ಅಂತ
ಎರಡನೆಯ ಲೋಟ ಪಿಸ್ಕೊ ಸುರಿದು ಕಳಿಸಿದೆ.
ಮತ್ತೊಬ್ಬ ಮಂಗಳವಾರ ಬರುತ್ತೇನೆಂದ.
ಯಾವ ಮಂಗಳವಾರ ಎಂದು ನಾನು ಕೇಳಬೇಕಿತ್ತು.

ನಿಬಾಲ್ದೊ ಕಾತ್ರಿಲೆಯೊ
ಹೆಸರು ಹೇಳುವ ಮೊದಲೇ ಮೊಣಕಾಲೂರಿ
ಒಂದು ಗುಣಿ ತೋಡಿದ.
ಬಕೆಟ್ ಕೇಳಿದ. ನೀರು ಸುರಿದ.
ಕೈಗಡಿಯಾರ ಬಿಚ್ಚಿ ಮಣ್ಣಿನ ಮೇಲಿಟ್ಟು
ಸುಮ್ಮನೆ ಕೂತ.
ನಾನೂ ಕೂತೆ.
ಗುಣಿ ನೀರು ನುಂಗುವುದನ್ನು ನೋಡುತ್ತ ಇಬ್ಬರೂ
ಸಾವಿನ ಮನೆಗೆ ಬಂದವರ ಹಾಗೆ, ಇಪ್ಪತ್ತು ನಿಮಿಷ.
ಆಮೇಲೆ ಅಂದ:
ಕೆಳಗೆ ಜೇಡಿ ಇದೆ. ಹುಲ್ಲುಹಾಸು ಬೇಡ.
ನನಗೆ ಬೇಕು ಅಂದೆ.
ಹಾಗಾದರೆ ನಾನು ಬೇಡ ಅಂದ,
ಸಿಟ್ಟಿಲ್ಲದೆ, ಗಡಿಯಾರ ಕಟ್ಟಿಕೊಳ್ಳುತ್ತ.

ಸಿಟ್ಟು ಬಂದದ್ದು ನನಗೆ. ಮೂರು ದಿನ ಇತ್ತು.
ನಾಲ್ಕನೆಯ ದಿನ ಅವನು ಬರೆದುಕೊಟ್ಟ ವಿಳಾಸ ಹಿಡಿದು
ಆಚೆ ಗುಡ್ಡದ ಬಸ್ಸು ಹತ್ತಿದೆ.
ಹನ್ನೊಂದು ವರ್ಷದ ಗೋಡೆ. ಹೊಟ್ಟೆ ಬಂದಿಲ್ಲ.
ಒಂದೊಂದು ತೂತಿನ ಕೆಳಗೂ ಪಾಚಿಯ ಗೆರೆ,
ಅತ್ತು ಮುಗಿಸಿದ ಮುಖದ ಹಾಗೆ.
ಮನೆಯೊಡತಿ ಅವನನ್ನು ಹೊಗಳಲಿಲ್ಲ, ಬೈದಳು:
ಕೋಣ ಅವನು! ಗುಲಾಬಿ ಹಾಕು ಅಂದರೆ ಹಾಕಲಿಲ್ಲ.
ಮುಗಿಸಿದ್ದು ಒಂಬತ್ತು ದಿನ ತಡವಾಗಿ.
ಈಗಲೂ ನೋಡಿ, ಮಳೆಗೆ ಮುಂಚೆ, ಪ್ರತಿ ಏಪ್ರಿಲ್ಲಿನಲ್ಲಿ,
ಹೇಳದೆ ಕೇಳದೆ ಗೇಟು ತೆಗೆದು ಬಂದು
ತೂತಿಗೆಲ್ಲ ತಂತಿ ಹಾಕಿ ಕಸ ಕಿತ್ತು ಹೋಗುತ್ತಾನೆ,
ಒಂದು ಲೋಟ ಕಾಫಿಯನ್ನೂ ಮುಟ್ಟದೆ!

ಆ ಬೈಗುಳ ಕೇಳುತ್ತಿದ್ದ ಹಾಗೇ
ಅಂಗೈಯಲ್ಲಿ ಹಳೆಯ ಲಿವರಿನ ನಡುಕ.
ಎಲ್ಲೋ ಹಗ್ಗ ಬಿಗಿಯಿತು.

ಕರಾರು ಒಂದೇ ಹಾಳೆ.
ಅದರಲ್ಲಿ ಅರ್ಧಕ್ಕಿಂತ ಹೆಚ್ಚು
ತನ್ನ ಕೈಯಲ್ಲಿಲ್ಲದ್ದರ ಪಟ್ಟಿ:
ಭೂಕಂಪ, ಮೇಲ್ಮನೆಯವರ ಒಡಕು ಪೈಪು,
ನಾನು ಕದ್ದು ಬಿತ್ತಬಹುದಾದ ಹುಲ್ಲು.
ರುಜು ಹಾಕಿದೆ, ಹುಲ್ಲಿನ ಸಾಲು ಹೊಡೆದುಹಾಕಲು ನೋಡಿ
ಸೋತು.

ಈ ಜೂನಿನ ಮೊದಲ ಮಳೆ
ರಾತ್ರಿ ಎರಡೂಕಾಲಿಗೆ ಬಂತು.
ಟಾರ್ಚು ಹಿಡಿದು ಗೋಡೆಯ ಕಾಲಬುಡದಲ್ಲಿ ನಿಂತು ಎಣಿಸಿದೆ.
ಏಳು ತೂತಿನಲ್ಲಿ ನೀರು,
ಎಂಟನೆಯದು ಒಣಗಿದ ಬಾಯಿ.
ಇಷ್ಟೇ ಇವನ ಬಂಡವಾಳ ಅಂದುಕೊಂಡು
ಫೋನು ಒತ್ತಿದೆ.

ರಿಂಗು ನನ್ನ ಕಿವಿಯಲ್ಲೊಂದು,
ಕೆಳಗೆ, ಮಳೆಯೊಳಗೆ, ಮೆಟ್ಟಿಲ ಸಾಲಿನಲ್ಲಿ ಇನ್ನೊಂದು.
ಎತ್ತಲಿಲ್ಲ ಅವನು.
ಒಂದು ಕೈಯಲ್ಲಿ ಟಾರ್ಚು, ಇನ್ನೊಂದರಲ್ಲಿ ಸುರುಳಿ ತಂತಿ,
ಏದುಸಿರು ಬಿಡುತ್ತ
ಹತ್ತಿ ಬರುತ್ತಿದ್ದ.